ಎಷ್ಟು ಚೀಲಕ್ಕೊಂದು

ಹುಬ್ಬಳ್ಳಿ ಡಾಕ್ಟರು ಹಾಳಿ ತಿರುವಿ ಅಂದ್ರು:
ವರ್ಷಕ್ಕ, ಹತ್ತು ಲಕ್ಷ ಮಂದ್ಯಾಗ
ಒಬ್ಬರಿಗೆ, ಇಬ್ಬರಿಗೆ, ಭಾಳಂದ್ರ ಮೂವರಿಗೆ.
ಅಪರೂಪದ್ದವ್ವ ಇದು.

ಅಪರೂಪ ಅನ್ನೂ ಮಾತು ನಾವು
ಭಾಳ ದಿನಕ್ಕ ಬಂದ ಬೀಗರಿಗೆ ಅಂತೀವಿ.
ಅಪರೂಪ ಆದ್ರೆಲ್ಲಾ, ಬರ್ರಿ, ಕುಂದರ್ರಿ,
ಚಾ ಇಡತೀನಿ.

ನಾನು ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ತೊಟ್ಟು ಮುರಿಯಾಕಿ,
ಹತ್ತೊಂಬತ್ತು ವರ್ಷಾತು.
ನನಗ ಲಕ್ಷ ಅಂದ್ರ ರೊಕ್ಕ ಅಲ್ಲ, ಕಾಯಿ.
ತಿರುಗಿ ಬರೂ ಬಸ್ಸಿನ್ಯಾಗ ಬಳ್ಳು ಮಡಚಿ ಎಣಿಸಿದೆ:
ಕಿಲೋಕ್ಕ ಸಾವಿರದ ಆಜೂಬಾಜು,
ಚೀಲಕ್ಕ ಇಪ್ಪತ್ತೈದು ಸಾವಿರ ಹಿಡಿ,
ನಲವತ್ತು ಚೀಲ.
ನಲವತ್ತು ಚೀಲದಾಗ ಒಂದು ಕಾಯಿ
ನನ್ನ ಮಾಲತೇಶ.
ತೊಡಿ ಮ್ಯಾಲ ತಲಿ ಇಟ್ಟು ಮಲಗಿದ್ದ, ಬಂಕಾಪುರದ ತನಕ.

ಮೊದಲ ಬಂದಿದ್ದು ಕಣ್ಣಿನ ರೆಪ್ಪಿಗೆ.
ಮುಂಜಾನೆ ಉಬ್ಬೂದು, ಮಧ್ಯಾಹ್ನಕ್ಕ ಇಳಿಯೂದು.
ರಾತ್ರಿಯೆಲ್ಲಾ ಮೊಬೈಲ್ ನೋಡಿ ಬಂದೀಯೇನಲೇ
ಅಂತ ಮಾಸ್ತರು ಹಿಂದಿನ ಬೆಂಚಿಗೆ ಕಳಿಸಿದ್ರು.
ನನ್ನ ಖಾರದ ಕೈ ಹತ್ತಿರಬೇಕು ಅಂತ
ನಾನು ತಣ್ಣೀರು ಗೊಜ್ಜಿದೆ.
ಆಮ್ಯಾಲ ಉಚ್ಚ್ಯಾಗ ನೊರಿ.
ಆಮ್ಯಾಲ ಹಾಲು ಹಾಕದ ಚಾದ ಬಣ್ಣ.
ಬಣ್ಣದ ಊರಿನವರು ನಾವು,
ದೂರದಿಂದ ರಾಶಿ ನೋಡಿ ರೇಟು ಹೇಳೋರು.
ಆ ಬಣ್ಣ ನೋಡಿ ಬಾಯಿ ಕಟ್ಟಿತು.

ಹಾವೇರ್ಯಾಗ ಅಂದ್ರು: ಗಂಟಲ ಬ್ಯಾನಿ ಬಂದಿತ್ತಲ್ಲ,
ಅದರ ಬೆನ್ನ ಹಿಂದ ಬಂದೈತಿ, ತಾನಾ ಹೋಗತೈತಿ.
ಎಷ್ಟೋ ಹುಡುಗರಿಗೆ ಹೋಗತೈತಂತ.
ಎರಡು ತಿಂಗಳು ಕಾದ್ವಿ.
ರಗತದಾಗ ಸಿ-ತ್ರೀ ಅಂತ ಒಂದು ಇರತೈತಿ.
ಕೆಳಗ ಇಳಿದಿತ್ತು. ಮ್ಯಾಲ ಬರಲಿಲ್ಲ.

ಬೆನ್ನಾಗ ಸೂಜಿ ಹಾಕಿ
ದಾರದ ತುಂಡಿನಷ್ಟು ಕಿಡ್ನಿ ತಗದು
ಬಾಟ್ಲ್ಯಾಗ ಹಾಕಿ ಕಳಿಸಿದ್ರು.
ಡಾಕ್ಟರು ನನ್ನ ಪ್ಯಾಟಿ ಲೆಕ್ಕದಾಗ ತಿಳಿಸಿದ್ರು:
ಕಳ್ಳ ಹೋಗಿ ಎಷ್ಟೋ ಹೊತ್ತಾದ್ರೂ
ಒಳಗಿನ ವಾಚಮನ್ ಸೀಟಿ ಊದೂದು ಬಿಡವಲ್ಲ,
ಕೋಲು ಬೀಸಿ ಬೀಸಿ ತನ್ನ ಅಂಗಡೀನ ಒಡೀತಾನ.
ಬಸುರಿದ್ದಾಗ ನಾನು ಘಾಟಿನ್ಯಾಗ ಕುಂತಿದ್ದೆ,
ಅದಕ್ಕೇನ್ರಿ?
ಅಲ್ಲವ್ವ.
ಮತ್ಯಾಕ ಅಂತ ಕೇಳಿದೆ.
ಅವರು ಪೆನ್ನಿನ ಟೊಪಗಿ ಹಾಕಿದ್ರು, ತಗದ್ರು, ಹಾಕಿದ್ರು.

ಸೋಮವಾರ ಲಕ್ಷ ಚೀಲ ಬಂದಾವಂದ್ಲು ಹಜರತಬಿ,
ಸೆರಗು ಮೂಗಿಗೆ ಕಟ್ಟಿಕೊಂತ.
ನನ್ನ ಬೆರಳು ತಾವ ಲೆಕ್ಕಕ್ಕ ಬಿದ್ವು.
ಲಕ್ಷ ಚೀಲಕ್ಕ ಎರಡೂವರಿ ಸಾವಿರ!
ಅಷ್ಟೂ ಮಾಲತೇಶರು ಎಲ್ಲಿ ಅದಾರು?
ಇಡೀ ದೇಶ ಬ್ಯಾಡ, ನಮ್ಮ ಜಿಲ್ಲಾಕ್ಕ ಹತ್ತು ಲಕ್ಷದ ಮ್ಯಾಲ ಮಂದಿ.
ಹಂಗಾರ ಈ ವರ್ಷದ ಇನ್ನೊಂದು ಕೂಸು,
ಹಾನಗಲ್ಲ ಕಡೆ, ಸವಣೂರ ಕಡೆ,
ಹಿಂದಿನ ಬೆಂಚಿನ್ಯಾಗ ಬೈಸ್ಕೋತ ಕುಂತಿರಬೇಕು.
ಸೂಜಿ ಹಾಕಿದವರನ್ನ ಎಣಿಸ್ಯಾರ.
ಸೂಜಿ ಮುಟ್ಟದವರು ಯಾವ ಹಾಳ್ಯಾಗ?

ಉಪ್ಪು ಕಡಿಮಿ ಹಾಕಿದ ಪಲ್ಲೆ ಸರಿಸಿಕೊಂತ
ಹುಡುಗ ಕೇಳತಾನ:
ಯವ್ವಾ, ನಲವತ್ತು ಚೀಲದಾಗ ಒಂದು ಕಾಯಿ
ಹುಡುಕಾಕ ಬರತೈತೇನು?
ಬರತೈತಪಾ, ಅಂದೆ.
ತೊಟ್ಟು ಮುರಿಯೋರ ಕೈಗೆ
ಎಲ್ಲಾ ಕಾಯಿನೂ ಒಮ್ಮೆ ಬರಬೇಕಲ್ಲ.
ಔಷಧದ ಗುಳಿಗಿ ಬಾಯಿಗೆ ಹಾಕ್ಕೊಂಡು ನಕ್ಕ.
ಮುಂದ ಏನಂತ ನನಗೂ ಗೊತ್ತಿಲ್ಲ. ಅವರೂ ಹೇಳಿಲ್ಲ.

ಈಗ ಮುಂಜಾನೆ ಕಟ್ಟಿ ಮ್ಯಾಲ ನಿಂತು
ಸಾಲಿಗೆ ಹೋಗೂ ಹುಡುಗರ ರೆಪ್ಪಿ ನೋಡತೀನಿ.
ಗಿಡ್ಡಕ್ಕನ ಮೊಮ್ಮಗಳ ಗದ್ದ ಹಿಡದು
ಬೆಳಕಿಗೆ ತಿರುವಿದೆ ನಿನ್ನೆ.
ಒಮ್ಮೆ ಉಚ್ಚಿ ತೋರಿಸಿಕೊಂಡು ಬರ್ರಿ ಅಂದೆ.
ಗಿಡ್ಡಕ್ಕ ಸೆರಗಿನಾಗ ಮುಚ್ಚಿಕೊಂಡ್ಲು ಕೂಸನ್ನ:
ಕಣ್ಣು ಹಾಕಬ್ಯಾಡ ಮಾರಾಯ್ತಿ!

ಹೂಂ, ಹಾಕೀನಿ.
ತೋರಿಸಿಕೊಂಡು ಬಾ.